ಮೊದಲು ಗೋಡೆ, ಆಮೇಲೆ ಟೈಲ್ಸ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತನಾಡಿದವರಲ್ಲಿ ಒಬ್ಬರು ವೈದ್ಯರು, ಒಬ್ಬರು ಎಂಜಿನಿಯರು, ಒಬ್ಬರು ಪ್ರಾಧ್ಯಾಪಕರು. ನಾನು ಗೌಂಡಿ. ಗೋಡೆಗೆ ಟೈಲ್ಸ್ ಕೂಡಿಸುವವನು. ಸಮಿತಿಯವರು ಕರೆದಾಗ, "ನನ್ನಂಥವನು ಮಕ್ಕಳಿಗೆ ಏನು ಹೇಳಲಿ?" ಎಂದೆ. "ನಿಮ್ಮ ಕೆಲಸದ ಬಗ್ಗೆಯೇ ಹೇಳ್ರಿ, ಈಗ ಯಾರ ಮನೆಗೆ ಹೋದರೂ ಟೈಲ್ಸೇ ಅಲ್ಲವೇ?" ಎಂದರು. ಆ ಮಾತು ನಿಜ. ನಮ್ಮ ಕಡೆ ಇಂದಿಗೂ ಕೆಲವರು ಅದಕ್ಕೆ "ಸ್ಟೈಲ್ಸ್" ಎನ್ನುತ್ತಾರೆ. ನಗಬೇಡಿ, ಅವರು ತಪ್ಪು ಹೇಳುತ್ತಿಲ್ಲ. ಮನೆಗೆ ಸ್ಟೈಲ್ ಬರಲಿ ಎಂದೇ ತಾನೇ ಅದನ್ನು ಹಚ್ಚಿಸುವುದು!

1993ರಲ್ಲಿ ನಾನು ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತೆ. ಆಗ ನಮ್ಮದು ಬಿಜಾಪುರ ಜಿಲ್ಲೆ. ಗಣಿತದಲ್ಲಿ ಫೇಲಾದೆ. ಅಪ್ಪ ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು. ನೂಲಿನ ಬೆಲೆ ಏರಿದಾಗಲೆಲ್ಲ ನಮ್ಮ ಮನೆಯ ಒಲೆ ತಣ್ಣಗಾಗುತ್ತಿತ್ತು. ಹಾಗಾಗಿ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಊರಿನ ನಾಲ್ಕು ಜನರೊಂದಿಗೆ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದೆ. ಮೊದಲ ಎರಡು ವರ್ಷ ಸಿಮೆಂಟು ಕಲಸಿದೆ, ಟೈಲ್ಸ್ ಪೆಟ್ಟಿಗೆ ಹೊತ್ತೆ.

ಪಣಜಿಯಲ್ಲಿ ಮೆನೆಜಿಸ್ ಬ್ರಗಾಂಜಾ ಸಂಸ್ಥೆ ಎಂಬ ಹಳೆಯ ಕಟ್ಟಡವಿದೆ. ಅದರ ಪ್ರವೇಶದ ಗೋಡೆಗಳ ಮೇಲೆ ಬಿಳಿ ಟೈಲ್ಸಿನಲ್ಲಿ ನೀಲಿ ಬಣ್ಣದ ದೊಡ್ಡ ದೊಡ್ಡ ಚಿತ್ರಗಳಿವೆ. ಪೋರ್ಚುಗೀಸರ ಮಹಾಕಾವ್ಯವೊಂದರ ಕಥೆಯನ್ನು ಹೇಳುವ ಚಿತ್ರಗಳವು. ಒಂದು ಭಾನುವಾರ ಅಲ್ಲಿ ನಿಂತು ನೋಡಿದೆ. ಒಬ್ಬ ಮನುಷ್ಯನ ಮುಖ ನಾಲ್ಕು ಬಿಲ್ಲೆಗಳಲ್ಲಿ ಹಂಚಿಹೋಗಿದ್ದರೂ ಕಣ್ಣಿಗೆ ಕಣ್ಣು, ತುಟಿಗೆ ತುಟಿ ಸರಿಯಾಗಿ ಕೂಡಿತ್ತು. ನನಗೆ ಅಪ್ಪನ ಮಗ್ಗ ನೆನಪಾಯಿತು. ಸೀರೆಯ ದಡಿಯಲ್ಲಿ ಒಂದು ಎಳೆ ತಪ್ಪಿದರೆ ಅಪ್ಪ ರಾತ್ರಿಯೆಲ್ಲ ಕೂತು ಬಿಚ್ಚುತ್ತಿದ್ದರು. ಇದೂ ನೇಕಾರಿಕೆಯೇ, ನೂಲಿನ ಬದಲು ಸುಟ್ಟ ಮಣ್ಣು, ಅಷ್ಟೇ ವ್ಯತ್ಯಾಸ ಎನಿಸಿತು. ಅಂದಿನಿಂದ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ತಿಳಿಯಿತು, ಇಂಥದ್ದನ್ನು ನೋಡಲು ಗೋವಾದವರೆಗೆ ಹೋಗಬೇಕಿರಲಿಲ್ಲ. ನಮ್ಮದೇ ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇದೆ. ಅದರ ಮುಂಭಾಗಕ್ಕೆ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೊಳಪಿನ ಬಿಲ್ಲೆಗಳನ್ನು ಹಚ್ಚಿದ್ದರು. ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಬಿದ್ದುಹೋದರೂ ಉಳಿದ ಗೋಡೆಯ ಮೇಲೆ ಐದೂವರೆ ಶತಮಾನದ ಬಣ್ಣ ಇಂದಿಗೂ ಕಾಣುತ್ತದೆ. ಅಲ್ಲಿಯೇ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿಯೂ ಇಂಥ ಕೆಲಸವಿದೆ. ಗುರುಗಳೇ, ಶಾಲೆಯ ಪ್ರವಾಸಕ್ಕೆ ಒಮ್ಮೆ ಮಕ್ಕಳನ್ನು ಬೀದರಿಗೆ ಕರೆದೊಯ್ಯಿರಿ ಎಂದು ಕೇಳಿಕೊಳ್ಳುತ್ತೇನೆ.

ಅಂದು ಅರಮನೆಗೆ ಮಾತ್ರ ಸಾಧ್ಯವಿದ್ದುದು ಇಂದು ನಮ್ಮ ಮನೆಗಳಿಗೂ ಬಂದಿದೆ. ಗುಜರಾತಿನ ಮೋರ್ಬಿ ಎಂಬ ಊರಿನ ಸುತ್ತಮುತ್ತ ದೇಶದ ಬಹುಪಾಲು ಟೈಲ್ಸ್ ತಯಾರಾಗುತ್ತದೆ. ಮಣ್ಣನ್ನು ಒತ್ತಿ ಬಿಲ್ಲೆ ಮಾಡಿ, ಮೇಲೆ ಗಾಜಿನಂಥ ಲೇಪ ಕೊಟ್ಟು, ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡುತ್ತಾರೆ. ಮೊದಲು ಬಟ್ಟೆಗೆ ಅಚ್ಚು ಹಾಕುವ ಹಾಗೆ ಪರದೆ ಇಟ್ಟು ಚಿತ್ರ ಒತ್ತುತ್ತಿದ್ದರು. ಸುಮಾರು 2010ರ ನಂತರ ಕಂಪ್ಯೂಟರ್ ಮುದ್ರಣ ಬಂತು. ಈಗ ಹೂವು, ಹಣ್ಣು, ಕಲ್ಲು, ಕಟ್ಟಿಗೆ, ದೇವರು ಯಾವುದನ್ನು ಬೇಕಾದರೂ ಟೈಲ್ಸಿನ ಮೇಲೆ ಮೂಡಿಸಬಹುದು. ಬಾದಾಮಿ ಕೆಂಪು ಕಲ್ಲಿನ ನಾಡು, ಇಳಕಲ್ಲು ಗ್ರಾನೈಟಿನ ಊರು. ಇವೆರಡೂ ನಮ್ಮ ಜಿಲ್ಲೆಯಲ್ಲೇ ಇವೆ. ಆದರೂ ಜಮಖಂಡಿಯ ಮನೆಗಳಲ್ಲಿ ಟಿ.ವಿ. ಹಿಂದಿನ ಗೋಡೆಗೆ ಕೆಂಪು ಕಲ್ಲಿನ ಚಿತ್ರವಿರುವ ಟೈಲ್ಸನ್ನು ಗುಜರಾತಿನಿಂದ ತರಿಸಿ ನಾನೇ ಹಚ್ಚಿದ್ದೇನೆ. ಹೊಟ್ಟೆಪಾಡು, ಮಾಡಿದೆ. ಆದರೆ ಮನಸ್ಸಿನಲ್ಲಿ ನಕ್ಕಿದ್ದೇನೆ.

ಇನ್ನು ಉಪಯೋಗದ ನಾಲ್ಕು ಮಾತು ಹೇಳುತ್ತೇನೆ. ಮನೆ ಕಟ್ಟಿಸುವವರು ನೆನಪಿಡಿ.

ಗೋಡೆಯ ಟೈಲ್ಸ್ ಬೇರೆ, ನೆಲದ ಟೈಲ್ಸ್ ಬೇರೆ. ಗೋಡೆಯ ಬಿಲ್ಲೆಯನ್ನು ತಿರುವಿ ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ಎರಿಹೊಲದ ಹಾಗೆ ಗಟಗಟ ಕುಡಿಯುತ್ತದೆ. ತನ್ನ ತೂಕದ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರನ್ನು ಅದು ಹೀರಬಲ್ಲದು. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ಸ್ ಅರ್ಧ ಪಾಲೂ ಹೀರುವುದಿಲ್ಲ. ಹೀಗಾಗಿ ಗೋಡೆಯ ಟೈಲ್ಸನ್ನು ಸಿಮೆಂಟಿನಲ್ಲಿ ಕೂಡಿಸುವುದಾದರೆ ಮೊದಲು ನೀರಿನಲ್ಲಿ ನೆನೆಹಾಕಬೇಕು, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು ಬಸಿಯಬೇಕು. ಇಲ್ಲದಿದ್ದರೆ ಸಿಮೆಂಟಿನ ನೀರನ್ನೆಲ್ಲ ಅದೇ ಕುಡಿದು, ಸಿಮೆಂಟು ಬೂದಿಯಾಗಿ, ವರ್ಷದೊಳಗೆ ಟೈಲ್ಸ್ ಕಳಚುತ್ತದೆ. ಹೆಚ್ಚು ನೀರು ಕುಡಿಯದ ವಿಟ್ರಿಫೈಡನ್ನು ಗೋಡೆಗೆ ಹಚ್ಚುವುದಾದರೆ ಬರಿಯ ಸಿಮೆಂಟು ಸಾಲದು, ಅದಕ್ಕೆಂದೇ ಇರುವ ಅಂಟು ಬಳಸಬೇಕು. ಕೆಲಸ ಮುಗಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಡಬಡಬ ಎಂದರೆ ಒಳಗೆ ಪೊಳ್ಳು. ಗೌಂಡಿಗೆ ಹಣ ಕೊಡುವ ಮೊದಲೇ ಬಡಿಯಿರಿ!

ಚಿತ್ರವಿರುವ ಟೈಲ್ಸನ್ನು ಗೋಡೆಯ ನಡುವಿನಿಂದ ಎರಡೂ ಕಡೆಗೆ ಎಣಿಸುತ್ತ ಹೋಗಬೇಕು. ಒಂದು ಮೂಲೆಯಿಂದ ಶುರು ಮಾಡಿದರೆ ಇನ್ನೊಂದು ಮೂಲೆಯಲ್ಲಿ ಎರಡು ಬೆರಳಿನ ಚೂರು ಉಳಿದು ಅಸಹ್ಯವಾಗುತ್ತದೆ. ಪೆಟ್ಟಿಗೆಯ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತದೆ, ಎಲ್ಲ ಪೆಟ್ಟಿಗೆಗಳಲ್ಲೂ ಅದು ಒಂದೇ ಇರಲಿ. ನಾಲ್ಕೈದು ಬಿಲ್ಲೆಗಳನ್ನು ಅಟ್ಟದ ಮೇಲೆ ಎತ್ತಿಡಿ. ಮುಂದೆ ಒಂದು ಒಡೆದರೆ ಅದೇ ಚಿತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಅಡುಗೆ ಮನೆಯ ಟೈಲ್ಸನ್ನು ದಯವಿಟ್ಟು ಅಡುಗೆ ಮಾಡುವವರೇ ಆರಿಸಲಿ. ಅಂಗಡಿಗೆ ಗಂಡಸರು ಹೋಗಿ ಉಬ್ಬು-ತಗ್ಗಿನ ಟೈಲ್ಸ್ ಚಂದ ಕಂಡಿತೆಂದು ತರುತ್ತಾರೆ. ನಮ್ಮದು ರೊಟ್ಟಿಯ ನಾಡು. ರೊಟ್ಟಿ ಬಡಿಯುವಾಗ ಹಾರುವ ಜೋಳದ ಹಿಟ್ಟು ಒಗ್ಗರಣೆಯ ಎಣ್ಣೆಯೊಂದಿಗೆ ಸೇರಿ ಆ ತಗ್ಗುಗಳಲ್ಲಿ ಕೂತರೆ ಉಗುರಿನಿಂದ ಕೆರೆಯಬೇಕು. ನಾನೂ ಈ ತಪ್ಪು ಮಾಡಿದವನೇ. ನನ್ನ ಹೆಂಡತಿ ಒಂದು ದಿನ, "ನೀವ ಹಚ್ಚೀರಿ, ನೀವ ತಿಕ್ಕ್ರಿ" ಎಂದು ಕೈಗೆ ಬ್ರಷ್ ಕೊಟ್ಟಳು. ಒಲೆಯ ಹಿಂದೆ ನುಣುಪಾದ ಟೈಲ್ಸ್ ಇರಲಿ, ಸಂದಿಗೆ ತುಂಬುವ ಬಣ್ಣ ಬೂದಿಯದಾಗಿರಲಿ, ಬಿಳಿಯಾದರೆ ಅರಿಶಿನ ಕುಡಿದು ಹಳದಿಯಾಗುತ್ತದೆ. ಚಿತ್ತಾರ ಬೇಕೆಂದರೆ ಕೈ ತಾಗದ ಎತ್ತರದಲ್ಲಿ ಒಂದು ಸಾಲು ಹಚ್ಚಿಸಿ.

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿದಾಗ ಆ ಮನೆಯ ಹಿರಿಯರು ಹಳೆಯ ಮನೆಯ ಬಾಗಿಲುವಾಡ ಒಂದನ್ನು ಬಿಚ್ಚಿ ತಂದಿದ್ದರು. ಮಗನಿಗೆ ಪಡಸಾಲೆಯ ಗೋಡೆ ತುಂಬ ಹೊಳೆಯುವ ಟೈಲ್ಸ್ ಬೇಕಿತ್ತು. ಹಿರಿಯರು, "ಬಾಗಿಲುವಾಡದ ಸುತ್ತ ಒಂದು ಗೇಣು ಬಿಡಪಾ, ಅದಕ್ಕ ಉಸಿರಾಡಾಕ ಜಾಗ ಬೇಕು" ಎಂದರು. ಬಿಟ್ಟೆ. ನಾನು ಮಾಡಿದ ಕೆಲಸಗಳಲ್ಲಿ ಕಣ್ಣಿಗೆ ಅತ್ಯಂತ ಚಂದ ಕಾಣುವುದು ಅದೇ. ಎಲ್ಲಿ ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರಿಂದ ಕಲಿತೆ.

ಆದರೆ ಆ ಪಾಠವನ್ನು ಇನ್ನೊಂದು ಕಡೆ ನಾನು ಪಾಲಿಸಿರಲಿಲ್ಲ. ಇಷ್ಟು ಜನರ ಮುಂದೆ ಅದನ್ನೂ ಹೇಳಬೇಕು.

ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ, ಒಬ್ಬ ಅಜ್ಜಿಯ ಮನೆಗೆ ಟೈಲ್ಸ್ ಹಚ್ಚಿದ್ದೆ. ಕಲ್ಲು-ಮಣ್ಣಿನ ಹಳೆಯ ಗೋಡೆ, ಎರಡಡಿ ದಪ್ಪ. ಮೊಮ್ಮಗಳ ಮದುವೆಗೆ ಮನೆ ಚಂದ ಕಾಣಬೇಕೆಂದು ಹೊರಗೆ ಸಿಮೆಂಟು ಗಿಲಾವು ಮಾಡಿ, ಒಳಗೆ ಎದೆಯೆತ್ತರಕ್ಕೆ ಹೂವಿನ ಟೈಲ್ಸ್ ಕೂಡಿಸಿದೆ. ದೀಪ ಇಡುತ್ತಿದ್ದ ಎರಡು ಮಾಡಗಳನ್ನೂ ಮುಚ್ಚಿದೆ. ಮಣ್ಣಿನ ಗೋಡೆ ಹಸಿಯಾದರೆ ಹೊರಗೂ ಒಳಗೂ ಆರಬೇಕು, ಎರಡೂ ಕಡೆ ಮುಚ್ಚಬಾರದು ಎಂಬುದು ಹಳೆಯ ಗೌಂಡಿಗಳಿಗೆ ಗೊತ್ತಿತ್ತು. ನನಗೂ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯರಿಬ್ಬರೂ ಉಕ್ಕಿ ಬಂದದ್ದು ನಿಮಗೆಲ್ಲ ನೆನಪಿದೆ. ಆ ಮನೆಯಲ್ಲಿ ಕೆಲವು ದಿನ ನೀರು ನಿಂತಿತು. ನೀರು ಇಳಿದ ಮೇಲೆ ಇಟ್ಟಂಗಿ-ಸಿಮೆಂಟಿನ ಮನೆಗಳಲ್ಲಿ ನಾನು ಹಚ್ಚಿದ ಟೈಲ್ಸನ್ನು ಪೈಪು ಹಿಡಿದು ತೊಳೆದರು, ರಾಡಿಯೆಲ್ಲ ಹೋಯಿತು, ನನ್ನನ್ನು ಹೊಗಳಿದರು. ಅಜ್ಜಿಯ ಮನೆಯಲ್ಲಿಯೂ ಟೈಲ್ಸ್ ತೊಳೆದಾಗ ಥಳಥಳ ಹೊಳೆಯಿತು. ಆದರೆ ಅದರ ಹಿಂದಿನ ಮಣ್ಣು ಆರಲು ದಾರಿಯೇ ಇರಲಿಲ್ಲ. ಹದಿನೈದು ದಿನಕ್ಕೆ, ಎಲ್ಲರೂ ಹೊರಗಿದ್ದ ಹೊತ್ತಿನಲ್ಲಿ, ಆ ಗೋಡೆ ಕುಸಿಯಿತು. ದೇವರು ದೊಡ್ಡವನು, ಜೀವ ಉಳಿಯಿತು.

ನಾನು ಹೋಗಿ ನೋಡಿದೆ. ಮಣ್ಣಿನ ರಾಶಿಯ ಮೇಲೆ ಹೂವಿನ ಟೈಲ್ಸ್ ಹಾಸಿದ ಹಾಗೆ ಬಿದ್ದಿತ್ತು. ಎಷ್ಟೋ ಬಿಲ್ಲೆಗಳು ಒಡೆದಿರಲೂ ಇಲ್ಲ. ಅಜ್ಜಿ ಬೈಯಲಿಲ್ಲ. ಒಂದು ಬಿಲ್ಲೆಯನ್ನು ಎತ್ತಿ ಸೆರಗಿನಿಂದ ಒರೆಸಿ, "ಸ್ಟೈಲ್ಸ್ ಚಲೋ ಅದಾವಪಾ, ಗ್ವಾಡಿನ ಹೋತು" ಎಂದರು. ಆ ಗೋಡೆಯನ್ನು ಇಟ್ಟಂಗಿಯಿಂದ ನಾನೇ ಮತ್ತೆ ಕಟ್ಟಿಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ. ಆದರೂ ಆ ಮಾತು ಹೋಗಿಲ್ಲ. ಇಂದಿಗೂ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಅಂಗೈ ಇಟ್ಟು ನೋಡುತ್ತೇನೆ. ತಂಪಾಗಿ ಹಸಿ ಹತ್ತಿದರೆ, "ಮೊದಲು ಗೋಡೆ ನೋಡೋಣ್ರಿ, ಟೈಲ್ಸ್ ಆಮೇಲೆ" ಎನ್ನುತ್ತೇನೆ. ಮಣ್ಣಿನ ಗೋಡೆಯಾಗಿದ್ದರೆ ಹಚ್ಚುವುದೇ ಇಲ್ಲ. ಅದಕ್ಕೆ ಸುಣ್ಣವೇ ಶೃಂಗಾರ. ಇದರಿಂದ ಕೆಲವು ಗಿರಾಕಿಗಳು ಕೈಬಿಟ್ಟಿದ್ದಾರೆ, ಬಿಡಲಿ.

ಕೊನೆಯದಾಗಿ ನಮ್ಮ ಶಾಲೆಯ ವಿಷಯ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂಭಾಗಕ್ಕೆ ಅಲಂಕಾರದ ಟೈಲ್ಸ್ ಹಚ್ಚಿ, ಅದರಲ್ಲಿ ದಾನಿಗಳ ಹೆಸರು, ಭಾವಚಿತ್ರ ಮೂಡಿಸಬೇಕೆಂದು ಸಮಿತಿಯವರು ನನಗೆ ಹೇಳಿದ್ದಾರೆ. ಸಂತೋಷ, ಮಾಡೋಣ. ಆದರೆ ನಿನ್ನೆ ಸಂಜೆ ಅಳತೆಗೆಂದು ಬಂದವನು ಹಿಂದಕ್ಕೂ ಹೋಗಿ ನೋಡಿದೆ. ಹೆಣ್ಣುಮಕ್ಕಳ ಶೌಚಾಲಯದ ಗೋಡೆ ಹಸಿಯಿಂದ ಉದುರುತ್ತಿದೆ. ಬಿಸಿಯೂಟದ ಅಡುಗೆ ಮನೆಯ ಗೋಡೆ ಹೊಗೆ ಹಿಡಿದು ಕಪ್ಪಾಗಿದೆ.

ಅಲ್ಲಿಯೇ ನಿಂತು ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಹಾಕಿ. ಶೌಚಾಲಯದಲ್ಲಿ ಬಾಗಿಲು ಬಿಟ್ಟು ಗೋಡೆಗಳ ಒಟ್ಟು ಉದ್ದ 40 ಅಡಿ. 6 ಅಡಿ ಎತ್ತರಕ್ಕೆ ಹಚ್ಚಿದರೆ 240 ಚದರ ಅಡಿ. ಒಂದು ಬಿಲ್ಲೆ 12 ಇಂಚು ಅಗಲ, 18 ಇಂಚು ಉದ್ದ, ಎಂದರೆ ಒಂದೂವರೆ ಚದರ ಅಡಿ. 160 ಬಿಲ್ಲೆ ಬೇಕು. ಒಡೆಯುವುದು, ಕತ್ತರಿಸುವುದು ಎಂದು ನೂರಕ್ಕೆ ಹತ್ತು ಹೆಚ್ಚು ಹಿಡಿದರೆ 176. ಪೆಟ್ಟಿಗೆಗೆ ಆರರಂತೆ 30 ಪೆಟ್ಟಿಗೆ. ಗುರುಗಳೇ, ಈ ಸಲವಾದರೂ ನನ್ನ ಗಣಿತ ಸರಿಯಿದೆಯೇ?

ಮೂವತ್ತು ಪೆಟ್ಟಿಗೆ ಈ ಪೆಂಡಾಲಿನಲ್ಲಿ ಕೂತವರಿಗೆ ಭಾರವಲ್ಲ. ಮೊದಲು ಮೇಲಿನ ಸೋರಿಕೆ ನಿಲ್ಲಿಸಿ, ಹಳೆಯ ಗಿಲಾವು ಕೆತ್ತಿ, ಹೊಸ ಗಿಲಾವು ಹದವಾಗಿ ನೀರುಂಡು ಗಟ್ಟಿಯಾಗಿ ಆರಿದ ಮೇಲೆ ಟೈಲ್ಸ್. ಆಮೇಲೆ ಅಡುಗೆ ಮನೆ. ಎರಡಕ್ಕೂ ಕೂಲಿ ನನ್ನದು, ಒಂದು ರೂಪಾಯಿಯೂ ಬೇಡ. ಮೂರನೆಯದಾಗಿ ಮುಂಭಾಗ. ಅಲ್ಲಿಗೆ ಭಾವಚಿತ್ರಗಳ ಬದಲು ಇನ್ನೊಂದು ಸಲಹೆ ಇದೆ. ಚಂಡೀಗಢದಲ್ಲಿ ನೇಕ್ ಚಂದ್ ಎಂಬ ರಸ್ತೆ ಇನ್‌ಸ್ಪೆಕ್ಟರ್ ಒಡೆದ ಕಪ್ಪು-ಬಸಿ, ಟೈಲ್ಸ್ ಚೂರುಗಳಿಂದಲೇ ಒಂದು ಉದ್ಯಾನ ಕಟ್ಟಿದರು, 1976ರಲ್ಲಿ ಅದನ್ನು ಜನರಿಗೆ ತೆರೆದರು. ನನ್ನ ಹಿತ್ತಲಿನಲ್ಲಿ ಮೂವತ್ತು ವರ್ಷದ ಕೆಲಸದ ಚೂರುಗಳು ಬಿದ್ದಿವೆ, ಎಲ್ಲ ಬಣ್ಣದವೂ ಇವೆ. ಅಂಚು ಉಜ್ಜಿ ಕೊಡುತ್ತೇನೆ. ಚಿತ್ರಕಲಾ ಗುರುಗಳು ಗೋಡೆಯ ಮೇಲೆ ಗೆರೆ ಹಾಕಲಿ, ಮಕ್ಕಳು ಚೂರು ಜೋಡಿಸಲಿ. ಕೃಷ್ಣೆ ಇರಲಿ, ಕಬ್ಬು ಇರಲಿ, ಮಗ್ಗ ಇರಲಿ, ಮುಧೋಳದ ಬೇಟೆನಾಯಿಯೂ ಇರಲಿ. ಅದರ ಕೆಳಗೆ ದಾನಿಗಳ ಹೆಸರನ್ನು ಸಣ್ಣದಾಗಿ ಬರೆಯೋಣ.

ಗಣಿತದಲ್ಲಿ ಫೇಲಾದವನನ್ನು ಈ ವೇದಿಕೆಗೆ ಕರೆದು ಮಾತನಾಡಿಸಿದಿರಿ. ನಿಮ್ಮ ಋಣ ದೊಡ್ಡದು. ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕರಣಿ, ರಸಮಟ್ಟ ಹಿಡಿದು ಶಾಲೆಯ ಹಿಂಭಾಗಕ್ಕೆ ಬರುತ್ತೇನೆ. ಸುತ್ತಿಗೆ ಹಿಡಿಯುವ ಆಸೆ ಇರುವ ಹಳೆಯ ಗೆಳೆಯರು ಬನ್ನಿ, ಗಿಲಾವು ಕೆತ್ತುವುದಿದೆ.