ಪರನಾಡಿನ ಸಣ್ಣ ನಿಯಮಗಳು

ಒಂದು ಸಮಾಜದಲ್ಲಿ ಹುಟ್ಟಿ ಬೆಳೆದ ಮನುಷ್ಯನು ತನ್ನ ದಿನನಿತ್ಯದ ನಡೆನುಡಿಯ ಬಹುಪಾಲನ್ನು ಯೋಚಿಸಿ ಮಾಡುವುದಿಲ್ಲ; ಯಾರನ್ನು ಹೇಗೆ ಮಾತನಾಡಿಸಬೇಕು, ಎಲ್ಲಿ ಚೌಕಾಸಿ ಮಾಡಬಹುದು, ಬೇಡವೆಂಬುದನ್ನು ಎಷ್ಟು ಮೆತ್ತಗೆ ಹೇಳಬೇಕು, ಯಾರ ಮನೆಗೆ ಹೇಳದೆ ಕೇಳದೆ ಹೋಗಬಹುದು ಎಂಬುದೆಲ್ಲ, ಕತ್ತಲಲ್ಲೂ ಸ್ವಂತ ಮನೆಯ ಸ್ವಿಚ್ಚು ಕೈಗೆ ಸಿಗುವಂತೆ, ತಾನಾಗಿಯೇ ಒದಗಿ ಬರುತ್ತದೆ. ಬೇರೆ ದೇಶದಲ್ಲಿ ನೆಲಸಲು ಹೋದವರಿಗೆ ಈ ಒದಗುವಿಕೆ ಒಮ್ಮೆಗೇ ನಿಂತುಹೋಗುತ್ತದೆ, ಮತ್ತು ಅದರಿಂದ ಹುಟ್ಟುವ ಕಳವಳ, ದಣಿವು, ಸಿಡುಕು, ಊರಿನ ಹಂಬಲ ಇವೆಲ್ಲವನ್ನೂ ಸೇರಿಸಿ ಸಮಾಜವಿಜ್ಞಾನಿಗಳು ‘ಸಾಂಸ್ಕೃತಿಕ ಆಘಾತ’ ಎಂದು ಕರೆಯುತ್ತಾರೆ. ಈ ಪರಿಕಲ್ಪನೆಯನ್ನು ಪ್ರಚಾರಕ್ಕೆ ತಂದವರು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು. ಫಿನ್ಲೆಂಡಿನಿಂದ ಕೆನಡಾಕ್ಕೆ ವಲಸೆ ಬಂದ ಕುಟುಂಬದ ಕುಡಿಯಾಗಿದ್ದು, ಬ್ರೆಜಿಲ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು 1954ರಲ್ಲಿ ರಿಯೊ ಡಿ ಜನೈರೊ ನಗರದ ಮಹಿಳಾ ಕ್ಲಬ್ಬೊಂದರಲ್ಲಿ ಈ ವಿಷಯವಾಗಿ ಉಪನ್ಯಾಸ ನೀಡಿದರು; ಅದು 1960ರಲ್ಲಿ ಲೇಖನವಾಗಿ ಅಚ್ಚಾಯಿತು. ಪರಿಚಿತವಾದ ಸಂಕೇತಗಳು ಕಳೆದುಹೋದಾಗ ಉಂಟಾಗುವ ಆತಂಕವೇ ಈ ಆಘಾತದ ಮೂಲವೆಂಬುದು ಅವರ ವಾದದ ತಿರುಳು.

ಹೊರಡುವ ಮುನ್ನ ಜನರು ಸಾಮಾನ್ಯವಾಗಿ ಸಿದ್ಧರಾಗುವುದು ದೊಡ್ಡ ವ್ಯತ್ಯಾಸಗಳಿಗೆ. ಭಾಷೆಯ ತರಗತಿಗೆ ಸೇರುತ್ತಾರೆ, ದಪ್ಪ ಕೋಟು ಕೊಳ್ಳುತ್ತಾರೆ, ಸಾರಿನ ಪುಡಿ, ಚಟ್ನಿಪುಡಿ, ಕುಕ್ಕರುಗಳನ್ನು ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಇವು ಬೇಕಾದ ಸಿದ್ಧತೆಗಳೇ. ಆದರೆ ಮೊದಲೇ ಗೊತ್ತಿರುವ ಚಳಿ ಯಾರನ್ನೂ ಆಘಾತಗೊಳಿಸುವುದಿಲ್ಲ. ಕೆಡವುವುದು ಸಣ್ಣ ಸಂಗತಿಗಳು, ಅಂದರೆ ಅಲ್ಲಿನವರಿಗೆ ಹೇಳಿಕೊಡಬೇಕೆಂದು ತೋಚದಷ್ಟು ಸಹಜವಾಗಿಯೂ ಬಂದವರಿಗೆ ಕೇಳಬೇಕೆಂದು ಹೊಳೆಯದಷ್ಟು ಕ್ಷುಲ್ಲಕವಾಗಿಯೂ ಇರುವಂಥವು. ಇದಕ್ಕೆ ಕರ್ನಾಟಕದಿಂದ ಜರ್ಮನಿಯ ನೈರುತ್ಯ ಭಾಗದ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಹೋಗುವವರ ನಿದರ್ಶನವನ್ನು ನೋಡಬಹುದು. ಬಾಷ್, ಮರ್ಸಿಡಿಸ್, ಎಸ್‌ಎಪಿ ಮೊದಲಾದ ಕಂಪನಿಗಳ ಕೇಂದ್ರ ಕಚೇರಿಗಳು ಆ ರಾಜ್ಯದಲ್ಲಿದ್ದು, ಅವುಗಳ ದೊಡ್ಡ ಶಾಖೆಗಳು ಬೆಂಗಳೂರಿನಲ್ಲಿರುವುದರಿಂದ ಈ ಎರಡು ನೆಲಗಳ ನಡುವೆ ಎಂಜಿನಿಯರುಗಳ ಓಡಾಟ ನಿರಂತರವಾಗಿದೆ.

ಬಂದಿಳಿದವರು ಎದುರಿಸುವ ಮೊದಲ ಪರೀಕ್ಷೆ ತಮ್ಮ ಹೆಸರಿನದೇ ಆಗಿರುತ್ತದೆ. ಜರ್ಮನಿಯಲ್ಲಿ ಮನೆ ಹಿಡಿದ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು, ಅಂಚೆಪೆಟ್ಟಿಗೆಯ ಮೇಲೆ ಕುಲನಾಮವನ್ನು ಬರೆಯಬೇಕು. ಆ ಹೆಸರಿಲ್ಲದಿದ್ದರೆ ಕಾಗದಗಳು ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಹಳೆಯ ಮೈಸೂರು ಭಾಗದ ಅನೇಕರಿಗೆ ಮನೆತನದ ಹೆಸರೆಂಬುದೇ ಇರುವುದಿಲ್ಲ. ಊರಿನದೊಂದು, ತಂದೆಯದೊಂದು ಮೊದಲಕ್ಷರ ಇನಿಷಿಯಲ್ ಆಗಿ ಹೆಸರಿಗೆ ಅಂಟಿಕೊಂಡಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಾಗ ತಂದೆಯ ಹೆಸರೋ ಊರಿನ ಹೆಸರೋ ಕುಲನಾಮದ ಜಾಗಕ್ಕೆ ಬಂದು ಕೂರುತ್ತದೆ, ಮತ್ತು ಅಪರಿಚಿತರನ್ನು ಕುಲನಾಮದಿಂದಲೇ ಕರೆಯುವುದು ಅಲ್ಲಿನ ಮರ್ಯಾದೆಯಾದ್ದರಿಂದ ಒಬ್ಬ ಮಹಿಳೆ ಕಚೇರಿಯಲ್ಲೂ ಆಸ್ಪತ್ರೆಯಲ್ಲೂ ಶ್ರೀಮತಿ ರಾಮಯ್ಯ ಅಥವಾ ಶ್ರೀಮತಿ ಚನ್ನರಾಯಪಟ್ಟಣ ಆಗಿಬಿಡುತ್ತಾರೆ. ಇದು ನಗುವಿನ ವಿಷಯವಾಗಿ ತೋರಬಹುದು. ಆದರೆ ತನ್ನದಲ್ಲದ ಹೆಸರಿಗೆ ದಿನವೂ ಓಗೊಡುತ್ತಿರುವ ವ್ಯಕ್ತಿಗೆ ತಾನು ಯಾರೆಂಬ ಭಾವವೇ ಸ್ವಲ್ಪ ಸಡಿಲವಾಗುತ್ತದೆ.

ಊಟದ ಮೇಜಿನಲ್ಲಿ ಇನ್ನೊಂದು ಬಗೆಯ ಗೊಂದಲ. ಕನ್ನಡ ನಾಡಿನ ಅತಿಥಿ ಮೊದಲ ಸಲ ಬೇಡವೆನ್ನುತ್ತಾನೆ, ಮನೆಯವರು ಬಲವಂತ ಮಾಡುತ್ತಾರೆ, ಎರಡನೆಯ ಅಥವಾ ಮೂರನೆಯ ಉಪಚಾರಕ್ಕೆ ಅವನು ಒಪ್ಪುತ್ತಾನೆ. ಈ ಪೂರ್ತಿ ಹಗ್ಗಜಗ್ಗಾಟಕ್ಕೆ ಇಬ್ಬರೂ ಪಾಲುದಾರರು, ಇಬ್ಬರಿಗೂ ಅದರ ಅರ್ಥ ಗೊತ್ತು. ಜರ್ಮನ್ ಮನೆಯಲ್ಲಿ ಬೇಡವೆಂದರೆ ಪಾತ್ರೆ ಮುಂದಿನವರ ಕಡೆಗೆ ಸಾಗುತ್ತದೆ, ಅತಿಥಿ ಅರೆಹೊಟ್ಟೆಯಲ್ಲಿ ಏಳುತ್ತಾನೆ ಮತ್ತು ಆ ಜನಕ್ಕೆ ಆದರವೆಂಬುದೇ ಇಲ್ಲವೆಂದು ತೀರ್ಮಾನಿಸುತ್ತಾನೆ, ಅತಿಥಿಯ ಮಾತನ್ನು ಪ್ರಶ್ನಿಸದೆ ನಂಬುವುದೇ ಅಲ್ಲಿನ ಆದರವೆಂಬುದು ಅವನಿಗೆ ಬಹಳ ಕಾಲ ತಿಳಿಯುವುದಿಲ್ಲ. ಕಚೇರಿಯ ಸಭೆಯಲ್ಲಿ ಇದೇ ತಪ್ಪುಗ್ರಹಿಕೆ ತಿರುವುಮುರುವಾಗುತ್ತದೆ. ‘ನೋಡೋಣ’ ಎಂಬ ಕನ್ನಡಿಗನ ನಯವಾದ ನಿರಾಕರಣೆಯನ್ನು ಜರ್ಮನ್ ಸಹೋದ್ಯೋಗಿ ಒಪ್ಪಿಗೆಯೆಂದು ಬರೆದುಕೊಳ್ಳುತ್ತಾನೆ, ಅವನ ನೇರವಾದ ‘ಇದು ತಪ್ಪು’ ಎಂಬ ಮಾತು ಕನ್ನಡಿಗನಿಗೆ ಅವಮಾನವಾಗಿ ಕೇಳಿಸುತ್ತದೆ.

ಭಾನುವಾರದ ಮೌನವೂ ಹೊಸಬರನ್ನು ಕಂಗೆಡಿಸುತ್ತದೆ. ಅಂದು ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿಗಳನ್ನು ಗಾಜಿನ ತೊಟ್ಟಿಗೆ ಹಾಕಿದರೂ ನೆರೆಯವರು ಆಕ್ಷೇಪಿಸುತ್ತಾರೆ. ಇದು ಬರಿಯ ರೂಢಿಯಲ್ಲ. ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡುವ 1919ರ ವೈಮಾರ್ ಸಂವಿಧಾನದ ವಿಧಿಯನ್ನು ಇಂದಿನ ಜರ್ಮನ್ ಸಂವಿಧಾನವೂ ತನ್ನೊಳಗೆ ಉಳಿಸಿಕೊಂಡಿದೆ. ಸದ್ದು, ಸಂದಣಿ, ನೆಂಟರ ಬರುಹೋಗುಗಳೇ ರಜಾದಿನವೆಂದು ಬೆಳೆದವರಿಗೆ ಈ ನಿಶ್ಶಬ್ದವು ತಮ್ಮನ್ನು ಹೊರಗಿಟ್ಟಂತೆ ಭಾಸವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ಆಳಕ್ಕೆ ಇಳಿಯುವುದು ಪೊರಕೆ. ವ್ಯುರ್ಟೆಂಬರ್ಗಿನ ಅನೇಕ ವಸತಿ ಕಟ್ಟಡಗಳಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಬಾಡಿಗೆದಾರರು ಸರದಿಯಂತೆ ಒಂದೊಂದು ವಾರ ಮೆಟ್ಟಿಲು, ಅಂಗಳ, ಕಾಲುದಾರಿಗಳನ್ನು ಗುಡಿಸಬೇಕು, ಹಿಮ ಬಿದ್ದರೆ ಸರಿಸಬೇಕು, ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ಬಂದು ತೂಗುತ್ತದೆ, ಮತ್ತು ಕೆಲಸ ಸರಿಯಾಗಿದೆಯೇ ಎಂದು ಕೆಳಮಹಡಿಯ ಅಜ್ಜಿಯೊಬ್ಬರು ಗಮನಿಸುತ್ತಲೇ ಇರುತ್ತಾರೆ. ಬೆಂಗಳೂರಿನ ಮಧ್ಯಮವರ್ಗದ ಮನೆಯಲ್ಲಿ ಬೆಳೆದ ಎಂಜಿನಿಯರ್ ಅಂಗಳ ಗುಡಿಸಿದವನಲ್ಲ. ಆ ಕೆಲಸಕ್ಕೆ ಅಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು, ಮತ್ತು ಅವಳು ಯಾವ ಜಾತಿ, ಯಾವ ವರ್ಗದಿಂದ ಬರುತ್ತಿದ್ದಳೆಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರದ ವಿಷಯವಾಗಿತ್ತು. ಈಗ ಪಕ್ಕದ ಮನೆಯ ಪ್ರಾಧ್ಯಾಪಕರು ತಮ್ಮ ಸರದಿ ಮುಗಿಸಿ ಫಲಕವನ್ನು ಇವನ ಬಾಗಿಲಿಗೆ ತಗುಲಿಸಿ ಹೋಗುತ್ತಾರೆ. ಇಂಥಲ್ಲಿ ಸಂಸ್ಕೃತಿಯೆಂಬ ಸೌಮ್ಯವಾದ ಮಾತು ಮುಚ್ಚಿಡುವ ಸತ್ಯವೊಂದಿದೆ: ವಲಸೆ ಹೋದವರು ಕಳೆದುಕೊಂಡೆವೆಂದು ಕೊರಗುವುದರಲ್ಲಿ ಒಂದಂಶ ಊರಿನ ಬೆಚ್ಚಗಿನ ಸಂಬಂಧಗಳಾದರೆ, ಇನ್ನೊಂದಂಶ ಬೇರೆಯವರ ದುಡಿಮೆಯ ಮೇಲೆ ನಿಂತಿದ್ದ ಸವಲತ್ತು. ಎರಡನ್ನೂ ಒಂದೇ ಹಂಬಲದ ಲೆಕ್ಕಕ್ಕೆ ಸೇರಿಸುವುದು ಪ್ರಾಮಾಣಿಕವಾಗದು. ಈ ಎರಡನೆಯ ಅಂಶವನ್ನು ಆಘಾತದ ಅಧ್ಯಯನಗಳು ಹೆಚ್ಚು ಕೆದಕದಿರುವುದು ಒಂದು ಕೊರತೆಯೇ ಸರಿ.

ಹೊಂದಾಣಿಕೆಗೆ ಎಷ್ಟು ಕಾಲ ಹಿಡಿಯುತ್ತದೆಂಬ ಪ್ರಶ್ನೆಗೆ ಒಂದು ಜನಪ್ರಿಯ ಉತ್ತರವಿದೆ. ನಾರ್ವೆಯ ಸಮಾಜವಿಜ್ಞಾನಿ ಸ್ವೆರ್ರೆ ಲಿಸ್‌ಗಾರ್ಡ್ ಅವರು, ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿದ್ದ ತಮ್ಮ ದೇಶದವರನ್ನು ಕುರಿತು 1955ರಲ್ಲಿ ಬರೆದ ಲೇಖನದಲ್ಲಿ, ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದು, ನಡುವಿನವರು ಸೊರಗಿದ್ದರೆಂದು ತೋರಿಸಿದರು. ಮೊದಲು ಉತ್ಸಾಹ, ಬಳಿಕ ಕುಸಿತ, ಕೊನೆಗೆ ಚೇತರಿಕೆ ಎಂಬ ಈ ಬಾಗಿದ ರೇಖೆ ಇಂಗ್ಲಿಷಿನ ‘ಯು’ ಅಕ್ಷರದ ಆಕಾರದ್ದಾದ್ದರಿಂದ ಅದಕ್ಕೆ ‘ಯು-ವಕ್ರರೇಖೆ’ ಎಂಬ ಹೆಸರು ಬಂದು, ಇಂದಿಗೂ ತರಬೇತಿ ಶಿಬಿರಗಳಲ್ಲಿ ಅದನ್ನು ಬಿಡಿಸಿ ತೋರಿಸುತ್ತಾರೆ. ಆದರೆ ನ್ಯೂಜಿಲೆಂಡಿನಲ್ಲಿ ಜಪಾನೀ ವಿದ್ಯಾರ್ಥಿಗಳನ್ನು ಕಾಲಾನುಕ್ರಮವಾಗಿ ಗಮನಿಸಿ ಕೊಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು, ಕಷ್ಟವು ಅತ್ಯಧಿಕವಾಗಿರುವುದು ಬಂದಿಳಿದ ಮೊದಲ ದಿನಗಳಲ್ಲೇ ಎಂದು ಕಂಡುಕೊಂಡಿತು. ಈ ವ್ಯತ್ಯಾಸ ಪಂಡಿತರ ನಡುವಿನ ಜಗಳವಷ್ಟೇ ಅಲ್ಲ. ಆರಂಭದ ವಾರಗಳು ಮಧುಚಂದ್ರದಂತಿರುತ್ತವೆಂದು ನಂಬಿಸಿ ಕಳುಹಿಸಿದವರಿಗೆ ಆ ವಾರಗಳಲ್ಲೇ ಅಳು ಬಂದರೆ, ದೋಷ ತಮ್ಮದೇ ಎಂದು ಅವರು ತಿಳಿದುಕೊಳ್ಳುತ್ತಾರೆ.

ಎಲ್ಲ ಕುಸಿತವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗಳನ್ನು ಮೀರುತ್ತದೆ. ಸ್ಟುಟ್‌ಗಾರ್ಟಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಗಿಂತ ತುಸುವಷ್ಟೇ ಹೆಚ್ಚು. ಕತ್ತಲಲ್ಲಿ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮರಳುವವರ ಮಂಕುತನಕ್ಕೆ ಬೆಳಕಿನ ಅಭಾವವೂ ಕಾರಣವಾಗಬಹುದಾದ್ದರಿಂದ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯುವುದು ಎಷ್ಟೋ ಉಪದೇಶಗಳಿಗಿಂತ ಮೇಲು. ಮಂಕು ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಪಡಬೇಕಾದ್ದೇನೂ ಇಲ್ಲ.

ಏಡ್ರಿಯನ್ ಫರ್ನ್‌ಹ್ಯಾಮ್ ಮತ್ತು ಸ್ಟೀಫನ್ ಬಾಕ್ನರ್ ಅವರು 1986ರ ತಮ್ಮ ಗ್ರಂಥದಲ್ಲಿ ಆಘಾತವನ್ನು ಕಾಯಿಲೆಯಂತೆ ಕಾಣುವುದನ್ನು ಬಿಟ್ಟು ಕೌಶಲದ ಕೊರತೆಯಂತೆ ಕಂಡರು. ಊರಿನಲ್ಲಿ ನಿಪುಣರಾಗಿದ್ದವರು ಪರನಾಡಿನಲ್ಲಿ ಕೆಲಕಾಲ ಅನಿಪುಣರಾಗುತ್ತಾರೆ, ಮತ್ತು ಬೇರೆ ಯಾವ ಕೌಶಲದಂತೆಯೇ ಇದನ್ನೂ ಬಲ್ಲವರ ಜೊತೆಗಿದ್ದು, ತಪ್ಪು ಮಾಡಿ, ತಿದ್ದಿಸಿಕೊಂಡು ಕಲಿಯಬೇಕು ಎಂಬುದು ಈ ನೋಟದ ಸಾರ. ಮನೋಬಲವನ್ನು ಹೆಚ್ಚಿಸಿಕೊಳ್ಳಿ ಎನ್ನುವ ಸಲಹೆಗಿಂತ ಇದು ಎಷ್ಟೋ ಮಾನವೀಯವಾದದ್ದು. ವಿದೇಶಿ ವಿದ್ಯಾರ್ಥಿಗಳ ಗೆಳೆತನಗಳನ್ನು ಪರಿಶೀಲಿಸಿದ್ದ ಬಾಕ್ನರ್ ಅವರು ಮೂರು ವಲಯಗಳನ್ನು ಗುರುತಿಸಿದ್ದರು: ಸ್ವದೇಶದವರು, ಆತಿಥೇಯ ದೇಶದವರು, ತಮ್ಮಂತೆಯೇ ಬೇರೆಡೆಯಿಂದ ಬಂದವರು. ಸ್ವದೇಶದವರ ನಡುವೆ ಮನಸ್ಸು ಹಗುರವಾಗುತ್ತದೆ, ಆದರೆ ಅಲ್ಲಿನ ರೀತಿನೀತಿ ಕಲಿಸಬಲ್ಲವರು ಅಲ್ಲಿನವರು ಮಾತ್ರ. ಪರದೇಶದ ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಗಳ ನೆಪದಲ್ಲಿ ಮೊದಲ ವಲಯವನ್ನು ಸಮೃದ್ಧವಾಗಿ ಒದಗಿಸುತ್ತವೆ. ಆದರೆ ಪ್ರತಿ ವಾರಾಂತ್ಯವೂ ಅಲ್ಲೇ ಕಳೆದುಹೋದರೆ ಎರಡನೆಯ ವಲಯ ಹುಟ್ಟುವುದೇ ಇಲ್ಲ. ದುಡಿಯುವವರಿಗಾದರೂ ಕಚೇರಿಯೊಂದು ಸಿದ್ಧ ಪಾಠಶಾಲೆಯಾಗಿರುತ್ತದೆ. ತನ್ನ ಉದ್ಯೋಗ ಬಿಟ್ಟು ಸಂಗಾತಿಯ ಜೊತೆ ಬಂದವರಿಗೆ ಅದೂ ಇಲ್ಲದಿರುವುದರಿಂದ ಅತಿ ಹೆಚ್ಚು ಪೆಟ್ಟು ತಿನ್ನುವವರು ಅವರೇ, ಮತ್ತು ಅವರ ಸ್ಥಿತಿಯನ್ನು ಕೇಳುವವರು ಕಡಿಮೆ.

ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರ ಚರಿತ್ರೆಯೂ ಕನ್ನಡಿಗರಿಗೆ ಪರಿಚಿತವೇ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಅವರು ವ್ಯುರ್ಟೆಂಬರ್ಗಿನವರು. ಉತ್ತರ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಫರ್ಡಿನೆಂಡ್ ಕಿಟೆಲ್ ಅವರು 1862ರಲ್ಲಿ ‘ಕಥಾಮಾಲೆ’ಯನ್ನು ಇಲ್ಲಿನ ಛಂದಸ್ಸಿನಲ್ಲೇ ರಚಿಸಿದರು, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪೂರೈಸಿದರು. ಧರ್ಮಪ್ರಚಾರದ ಉದ್ದೇಶವೂ ವಸಾಹತು ಕಾಲದ ಅನುಕೂಲಗಳೂ ಅವರ ಬದುಕಿನ ಹಿಂದೆ ಇದ್ದವೆಂಬುದನ್ನು ಮರೆಯಬಾರದಾದರೂ, ಆ ಕೆಲಸ ಕನ್ನಡ ಬಲ್ಲ ಸ್ಥಳೀಯರ ಎದುರು ಕಲಿಯುವವನಾಗಿ ಕೂರದೆ ಆಗುವಂಥದಾಗಿರಲಿಲ್ಲ. ಜರ್ಮನಿಗೆ ಮರಳಿ ಟ್ಯುಬಿಂಗನ್ನಿನಲ್ಲಿ ನೆಲಸಿದ ಮೇಲೂ ಅವರು ಕನ್ನಡವನ್ನು ಬಿಡಲಿಲ್ಲ. ಅವರು ತೀರಿಕೊಂಡ 1903ರಲ್ಲೇ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು.

ಮರಳುವಿಕೆಗೂ ತನ್ನದೇ ಆಘಾತವಿದೆ. ಗಲ್ಲಾಹಾರ್ನ್ ದಂಪತಿ 1963ರಲ್ಲಿ ಯು-ವಕ್ರರೇಖೆಗೆ ಇನ್ನೊಂದು ಕುಸಿತವನ್ನು ಸೇರಿಸಿ ಇದನ್ನು ಸೂಚಿಸಿದರು. ಹೋಗುವಾಗ ಎಲ್ಲರೂ ಕಷ್ಟವನ್ನು ನಿರೀಕ್ಷಿಸುತ್ತಾರೆ, ಹಿಂದಿರುಗುವಾಗ ಯಾರೂ ನಿರೀಕ್ಷಿಸುವುದಿಲ್ಲ. ಹಾಗಾಗಿ ಸರದಿ ಮುರಿದವರ ಮೇಲೆ, ಹೇಳಿದ ಹೊತ್ತಿಗೆ ಬಾರದವರ ಮೇಲೆ ಸಿಡುಕಿದವರನ್ನು ನೆಂಟರು ವಿದೇಶದ ಜಂಬವೆಂದು ಗೇಲಿ ಮಾಡುತ್ತಾರೆ. ದೊಡ್ಡವರಿಗಾದರೂ ಹಳೆಯ ನೆನಪುಗಳ ಆಧಾರವಿರುತ್ತದೆ. ಅಲ್ಲೇ ಹುಟ್ಟಿ, ಹತ್ತರ ಪ್ರಾಯದಲ್ಲಿ ಬೆಂಗಳೂರಿಗೆ ಬಂದ ಮಗುವಿನ ಪಾಲಿಗೆ ಇದು ಮರಳುವಿಕೆಯೇ ಅಲ್ಲ, ಮೊದಲ ವಲಸೆ; ಮನೆಯಲ್ಲಿ ಸರಾಗವಾಗಿ ಕನ್ನಡ ಮಾತನಾಡಿದ್ದರೂ ಅಕ್ಷರ ಕಲಿತಿರದ ಆ ಮಗು, ಕನ್ನಡ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಿದ 2015ರ ಅಧಿನಿಯಮದ ತರಗತಿಯಲ್ಲಿ ತನಗಿಂತ ಕಿರಿಯರ ಜೊತೆ ಅಆಇಈ ತಿದ್ದಬೇಕಾಗುತ್ತದೆ. ತಮ್ಮ ವಲಸೆಗೆ ಭಾಷಾ ತರಗತಿ, ಮಾರ್ಗದರ್ಶಿ, ತಿಂಗಳುಗಳ ಕಾಲಾವಕಾಶ ಎಲ್ಲವನ್ನೂ ಕಂಪನಿಯಿಂದ ಪಡೆದಿದ್ದ ತಂದೆತಾಯಿಯರು, ಸ್ವಂತ ಊರಿಗೆ ತಾನೆ ಬಂದದ್ದು ಎಂಬ ನಂಬಿಕೆಯಲ್ಲಿ, ಮಗುವಿಗೆ ಅದರಲ್ಲಿ ಯಾವುದನ್ನೂ ಕೊಡಬೇಕೆಂದು ಯೋಚಿಸಿಯೇ ಇರುವುದಿಲ್ಲ.