ಭದ್ರೆಯ ಬಂಡೆ ಹಿಡಿದ ಚಿಪ್ಪು

ಸ್ಯೂಡೊಮುಲ್ಲೇರಿಯ ಮಲೆನಾಡಿನ ಹೊಳೆಗಳಲ್ಲಿ ಬಾಳುವ ಒಂದು ಕಪ್ಪೆಚಿಪ್ಪಿನ ಕುಲ. ಈ ಕುಲಕ್ಕಿರುವುದು ಒಂದೇ ಪ್ರಭೇದ, ಸ್ಯೂಡೊಮುಲ್ಲೇರಿಯ ಡೇಲಿಯೈ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರ ಬಂಡೆಗಳು ಇದರ ಮುಖ್ಯ ನೆಲೆ.

ಹೊಳೆಯ ಸಾಮಾನ್ಯ ಕಪ್ಪೆಚಿಪ್ಪು ಮರಳಿನಲ್ಲಿ ಅರ್ಧ ಹೂತುಕೊಂಡು, ಮಾಂಸಲವಾದ ಪಾದ ಚಾಚಿ ಮೆಲ್ಲನೆ ಸರಿಯುತ್ತದೆ. ಇದು ಹಾಗಲ್ಲ. ಎಳವೆಯಲ್ಲಿ ಬಿಡಿಯಾಗಿದ್ದು, ಬಳಿಕ ಒಂದು ಚಿಪ್ಪನ್ನು ಬಂಡೆಗೆ ಬೆಸೆದುಕೊಂಡರೆ ಮುಗಿಯಿತು, ಬದುಕೆಲ್ಲ ಅಲ್ಲಿಯೇ. ಬಂಡೆಯ ಉಬ್ಬುತಗ್ಗಿಗೆ ತಕ್ಕಂತೆ ಚಿಪ್ಪು ಬೆಳೆಯುವುದರಿಂದ ಒಂದರ ಆಕಾರ ಇನ್ನೊಂದಕ್ಕಿಲ್ಲ. ಉಸಿರಿಗೂ ಆಹಾರಕ್ಕೂ ಹರಿಯುವ ನೀರೇ ಆಧಾರ. ನೀರು ತಂದ ಸೂಕ್ಷ್ಮ ಕಣಗಳನ್ನು ಕಿವಿರುಗಳು ಸೋಸಿಕೊಳ್ಳುತ್ತವೆ.

ಮೈಸೂರು ಸಂಸ್ಥಾನದಿಂದ ಹೋದ ಮಾದರಿಗಳನ್ನು ನೋಡಿ 1898ರಲ್ಲಿ ಇದನ್ನು ಮೊದಲು ವಿವರಿಸಿದವರು ಬ್ರಿಟಿಷ್ ಮ್ಯೂಸಿಯಂನ ಎಡ್ಗರ್ ಆಲ್ಬರ್ಟ್ ಸ್ಮಿತ್. ದಕ್ಷಿಣ ಅಮೆರಿಕದ ಹೊಳೆಯಲ್ಲಿ ಬಂಡೆಗಂಟಿ ಬಾಳುವ ಮುಲ್ಲೇರಿಯ ಕುಲಕ್ಕೇ ಅವರು ಇದನ್ನು ಸೇರಿಸಿದರು. 1907ರಲ್ಲಿ ಇದಕ್ಕೆ ಬೇರೆ ಕುಲವಾಯಿತು. ಆದರೂ ಆಫ್ರಿಕ, ದಕ್ಷಿಣ ಅಮೆರಿಕ, ಭಾರತ ಮೂರೂ ಕಡೆಯ ಹೀಗೆ ಬಂಡೆಗಂಟುವ ಚಿಪ್ಪುಗಳು, ಅಂದರೆ ಸಿಹಿನೀರಿನ ಆಯ್‌ಸ್ಟರ್‌ಗಳು ಒಂದೇ ಮನೆತನದವು ಎಂಬ ಎಣಿಕೆ ಬಹುಕಾಲ ಉಳಿಯಿತು. 2000ದಲ್ಲಿ ಬೋಗನ್ ಮತ್ತು ಹೋ ಎಂಬ ವಿಜ್ಞಾನಿಗಳ ಅಧ್ಯಯನ ಬೇರೆಯದನ್ನೇ ತೋರಿಸಿತು: ಭದ್ರೆಯ ಈ ಜೀವಿಯ ಹತ್ತಿರದ ನೆಂಟರು ನಮ್ಮ ಕೆರೆ-ಹೊಳೆಗಳ ಸಾಮಾನ್ಯ ಕಪ್ಪೆಚಿಪ್ಪುಗಳೇ.

ಹಾಗಾಗಿ ಕುಂದಾಪುರ, ಮೂಲ್ಕಿಯ ಅಳಿವೆಗಳಲ್ಲಿ ಕಲ್ಲಿಗಂಟುವ ಕಡಲ ಆಯ್‌ಸ್ಟರ್‌ಗೂ ಇದಕ್ಕೂ ಇರುವುದು ರೂಪದ ಹೋಲಿಕೆ ಮಾತ್ರ. ರಭಸದ ನೀರಿನಲ್ಲಿ ಕೊಚ್ಚಿಹೋಗದೆ ನಿಲ್ಲುವ ಒಂದೇ ಉಪಾಯವನ್ನು ಕಡಲಿನಲ್ಲೂ ಬೆಟ್ಟದ ಹೊಳೆಯಲ್ಲೂ ಬೇರೆಬೇರೆ ಜೀವಿಗಳು ತಮ್ಮಷ್ಟಕ್ಕೆ ಕಂಡುಕೊಂಡವು. ಕಡಲ ಆಯ್‌ಸ್ಟರಿನ ಮರಿ ಅಲೆಯಲ್ಲಿ ತೇಲಿ ನೆಲೆ ಹುಡುಕುತ್ತದೆ. ಹೊಳೆಯಲ್ಲಿ ತೇಲಿದ ಮರಿ ಕೆಳಕ್ಕೆ ಕೊಚ್ಚಿಹೋದೀತು. ಅದಕ್ಕೇ ಸಿಹಿನೀರಿನ ಕಪ್ಪೆಚಿಪ್ಪುಗಳ ಮರಿಗಳು ಸಾಮಾನ್ಯವಾಗಿ ಮೀನಿನ ಕಿವಿರು, ಈಜುರೆಕ್ಕೆಗಳಿಗೆ ಅಂಟಿಕೊಂಡು ಕೆಲಕಾಲ ಬೆಳೆಯುತ್ತವೆ. ಮೀನು ಪ್ರವಾಹದ ಎದುರಿಗೆ ಈಜಿದರೆ ಮರಿಗೂ ಮೇಲಣ ದಾರಿ ತೆರೆಯುತ್ತದೆ.

ಬಂಡೆ ಬಿಟ್ಟು ಕದಲಲಾರದ ಜೀವಿಗೆ ಹೊಳೆಯ ಕೇಡಿನಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕುದುರೆಮುಖದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೂ ಅದರ ಹೂಳು ಭದ್ರೆಗೆ ಇಳಿಯುತ್ತಿತ್ತು. ಕಳಸ, ಮೂಡಿಗೆರೆಯಂಥ ಸೀಮೆಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಕುಂದುತ್ತದೆ. ಅಣೆಕಟ್ಟೆ ಕಟ್ಟಿದಲ್ಲಿ ಹರಿವು ನಿಲ್ಲುತ್ತದೆ, ಮೀನಿನ ದಾರಿಯೂ ಕಡಿಯುತ್ತದೆ. ಸಿಪ್ಪೆನೀರನ್ನು ತೋಟದಲ್ಲೇ ಶುದ್ಧೀಕರಿಸುವುದು, ಹೊಳೆಯಂಚಿನ ಕಾಡು ಉಳಿಸಿ ಮಣ್ಣು ತಡೆಯುವುದು, ಮೀನಿಗೆ ದಾರಿ ಬಿಡುವುದು ಇದನ್ನು ಕಾಯುವ ಬಗೆಗಳು. ಕುಲಕ್ಕೆ ಇದೊಂದೇ ಪ್ರಭೇದವಾದುದರಿಂದ, ಇದು ಅಳಿದರೆ ಕುಲವೇ ಅಳಿದಂತೆ.