ಭೀಮಾಶಂಕರದ ಕಾಲುದಾರಿ

(ಮುಂಬಯಿಯಲ್ಲಿ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಿಗೂ ಬೆಟ್ಟಕ್ಕೂ ಏನು ನಂಟು ಎಂದು ತಾವು ಕೇಳಬಹುದು. ಎರಡು ವರ್ಷಗಳ ಹಿಂದೆ ಕೇಳಿದ್ದರೆ ಏನೂ ಇಲ್ಲವೆಂದೇ ಹೇಳುತ್ತಿದ್ದೆ. ಸ್ಟೇಶನ್ನಿನ ಸೇತುವೆಯನ್ನು ಬಿಟ್ಟು ಮತ್ತೇನನ್ನೂ ಏರಿದವನಲ್ಲ ನಾನು. ಆದರೂ ಕಾರ್ಯದರ್ಶಿಗಳ ಒತ್ತಾಯಕ್ಕೆ ಮಣಿದು, ಹೊಸಬನೊಬ್ಬನ ತಪ್ಪುಗಳ ಲೆಕ್ಕವನ್ನು ತಮ್ಮ ಮುಂದೆ ಒಪ್ಪಿಸುತ್ತಿದ್ದೇನೆ.

ನನ್ನ ತಂದೆಯವರು ಕಲಬುರಗಿ ಜಿಲ್ಲೆಯ ಭೀಮಾತೀರದ ಒಕ್ಕಲಿಗರು. ತಾಯಿ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು. ಎರಡು ಕೋಣೆಯ ಮನೆಯಲ್ಲಿ ಅವರಿಗೆ ಹೊತ್ತು ಹೋಗದು. “ಹೊಳಿ ಇಲ್ಲದ ಊರು ಇದೆಂಥ ಊರೋ” ಎನ್ನುವರು. ಒಮ್ಮೆ ಮಗನ ಭೂಗೋಳದ ಪುಸ್ತಕ ತಿರುವುತ್ತಿದ್ದಾಗ ನನ್ನ ಕಣ್ಣು ತೆರೆಯಿತು. ಅವರ ಹೊಳೆ ಹುಟ್ಟುವ ಭೀಮಾಶಂಕರ, ನಮ್ಮ ಕರ್ಜತಿನ ಆಚೆಯ ಘಟ್ಟದ ಮೇಲೆಯೇ ಇದೆ!

ಘಟ್ಟದ ಬುಡದ ಖಾಂಡಸ ಎಂಬ ಹಳ್ಳಿಯಿಂದ ಮೇಲಕ್ಕೆ ಎರಡು ಕಾಲುದಾರಿಗಳಿವೆ. ಶಿಡಿ ಎಂದರೆ ಮರಾಠಿಯಲ್ಲಿ ಏಣಿ. ಶಿಡಿ ಘಾಟ ಹತ್ತಿರದ್ದು, ಆದರೆ ಬಂಡೆಗೆ ಆತ ಏಣಿಗಳನ್ನು ಹತ್ತಬೇಕು. ಗಣೇಶ ಘಾಟ ಸುತ್ತಿನದು, ಸುಲಭದ್ದು. ಎರಡೂ ನಡುವಿನ ಬಯಲಿನಲ್ಲಿ ಕೂಡುತ್ತವೆ. ಅಲ್ಲಿಂದ ಮೇಲೆ ದಟ್ಟವಾದ ಕಾಡು.

ಮೊದಲ ಸಲ ನಾವು ಮೂವರು, ತಂದೆ, ಮಗ, ನಾನು, ಮಾರ್ಚ್ ತಿಂಗಳ ಒಂದು ಭಾನುವಾರ ಹೊರಟೆವು. ಉಪಾಹಾರ ಮುಗಿಸಿ ಆರಾಮವಾಗಿ ಹೊರಟದ್ದರಿಂದ ಖಾಂಡಸ ಸೇರುವಾಗ ಹನ್ನೊಂದು ದಾಟಿತ್ತು. ಕೈಯಲ್ಲಿ ತಲೆಗೊಂದು ಬಾಟಲಿ ನೀರು. ನನ್ನ ಕಾಲಲ್ಲಿ ಆಫೀಸಿನ ಬೂಟು! ಗಣೇಶ ಘಾಟವನ್ನೇ ಹಿಡಿದೆವು. ಮಾಡಿದ ಜಾಣತನ ಅದೊಂದೇ. ನಡುವಿನ ಬಯಲು ಮುಟ್ಟುವಾಗ ಮೂರು ಗಂಟೆ. ನೀರು ಮುಗಿದಿತ್ತು. ಮಗ ತಲೆನೋವೆಂದು ಕುಳಿತುಬಿಟ್ಟ. “ಇನ್ನೇನು ಗುಡಿ ಇಲ್ಲೇ ಅದ, ನಡಿ” ಎಂದರು ತಂದೆ. ಹುಡುಗನ ಮುಖ ನೋಡಿದೆ, ಸೂರ್ಯನನ್ನು ನೋಡಿದೆ, ಹಿಂದಿರುಗಿದೆ. ಕೆಳಗೆ ಬಂದಾಗ ಕತ್ತಲಾಗುತ್ತಿತ್ತು. ಹಳ್ಳಿಯ ತಾಯಿಯೊಬ್ಬಳು ತಂಬಿಗೆ ನೀರು ಕೊಟ್ಟಳು. ಗಾಡಿಯಲ್ಲಿ ಮನೆಯವರೆಗೂ ತಂದೆ ಮಾತಾಡಲಿಲ್ಲ. ಅಂಥ ಪ್ರಯಾಣ ಮತ್ತಾರಿಗೂ ಬೇಡ.

ಆ ಮೌನವೇ ನನಗೆ ಪಾಠ ಕಲಿಸಿತು. ಏರುವುದಕ್ಕೆ ಶಕ್ತಿಯನ್ನೆಲ್ಲ ಖರ್ಚು ಮಾಡಿದರೆ ಇಳಿಯುವುದಕ್ಕೆ ಶಿಲ್ಕು ಉಳಿಯದು. ಹೊಸಬರು ಈ ಮಾತುಗಳನ್ನು ನೆನಪಿಡಬೇಕು: ಬೆಳಕು ಹರಿಯುವಾಗ ಬುಡದಲ್ಲಿರಿ. ತಲೆಗೆ ಮೂರು ಲೀಟರು ನೀರು, ಜೊತೆಗೆ ಬೆಲ್ಲ, ಶೇಂಗಾ, ಉಪ್ಪು. ಅಟ್ಟೆಯಲ್ಲಿ ಹಲ್ಲುಗಳಿರುವ ಬೂಟು. ದಾರಿ ಬಲ್ಲ ಹಳ್ಳಿಯವನೊಬ್ಬನನ್ನು ಕೂಲಿ ಕೊಟ್ಟು ಕರೆದುಕೊಳ್ಳಿ. ಕಾಡಿನಲ್ಲಿ ದನದ ಜಾಡೂ ಮನುಷ್ಯರ ಜಾಡೂ ಒಂದೇ ತರಹ ಕಾಣುತ್ತವೆ. ಹಿಂದಿರುಗುವ ಗಂಟೆಯನ್ನು ಮನೆಯಲ್ಲಿಯೇ ನಿಶ್ಚಯಿಸಿ, ಮನೆಯವರಿಗೂ ಹೇಳಿ. ಮೇಲೆ ಮೊಬೈಲನ್ನು ನಂಬಬೇಡಿ. ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟುತ್ತದೆ. ಹೊಸಬರಿಗೆ ಮಳೆ ನಿಂತ ಮೇಲಿನ ಚಳಿಗಾಲವೇ ಲೇಸು.

ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಹಿಂದಿನ ರಾತ್ರಿಯೇ ಹೋಗಿ ಖಾಂಡಸದಲ್ಲಿ ತಂಗಿದೆವು. ಬಯಲು ದಾಟಿ ಕಾಡು ಹೊಕ್ಕಾಗ ಇನ್ನೂ ತಂಪು. ೧೯೮೫ರಲ್ಲಿ ಅಭಯಾರಣ್ಯವಾದ ಈ ಕಾಡಿನ ವಿಸ್ತಾರ ಸುಮಾರು ೧೩೦ ಚದರ ಕಿಲೋಮೀಟರು. ನಮ್ಮ ಮಲೆನಾಡಿನ ಕೆಂಜಳಿಲನ್ನು ಇಲ್ಲಿ ಶೇಕರು ಎನ್ನುತ್ತಾರೆ. ಅದು ಮಹಾರಾಷ್ಟ್ರದ ರಾಜ್ಯಪ್ರಾಣಿ. ಮೊದಲು ಅದನ್ನು ಕಂಡವನು ನನ್ನ ಮಗ. ಕೂಗದೆ, ಅಜ್ಜನ ಧೋತರದ ಚುಂಗು ಹಿಡಿದು ಜಗ್ಗಿ ತೋರಿಸಿದ. ಉದ್ದ ಬಾಲದ ಆ ಪ್ರಾಣಿ ಕೊಂಬೆಯಿಂದ ಕೊಂಬೆಗೆ ನೆಗೆದು ಮರೆಯಾಯಿತು.

ಜ್ಯೋತಿರ್ಲಿಂಗದ ದರ್ಶನವಾದ ಮೇಲೆ ತಂದೆ ಕೇಳಿದ್ದು ಹೊಳೆಯನ್ನು. ಕಂಡದ್ದು ಒಂದಿಷ್ಟು ನೀರು. ಇಲ್ಲಿ ಹುಟ್ಟಿ ೮೬೧ ಕಿಲೋಮೀಟರು ಹರಿದು, ಪಂಢರಪುರ, ಗಾಣಗಾಪುರಗಳನ್ನು ಮುಟ್ಟಿ, ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡುವ ಭೀಮೆ ಇದೇ ಏನು? ೨೦೨೦ರ ಅಕ್ಟೋಬರಿನಲ್ಲಿ ಉಕ್ಕಿ ನಮ್ಮ ಹೊಲಕ್ಕೆ ನುಗ್ಗಿದವಳು ಇವಳೇ ಏನು? ತಂದೆ ಬೊಗಸೆಯಲ್ಲಿ ನೀರು ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಇಷ್ಟ ಇದ್ದಾಳಲ್ಲೋ ತಮ್ಮಾ, ನನ್ನ ಮೊಮ್ಮಗನಷ್ಟ” ಎಂದರು. ನೀರನ್ನು ಮತ್ತೆ ಅಲ್ಲಿಯೇ ಬಿಟ್ಟರು, ಊರಿಗೆ ಹೋಗಲೆಂದು.

ಮುದುಕರ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ. ಮೇಲಿನವರೆಗೆ ಪುಣೆಯ ಕಡೆಯಿಂದ ಮೋಟಾರು ರಸ್ತೆಯಿರುವುದರಿಂದ ನಾವು ಬಸ್ಸಿನಲ್ಲಿ ಮರಳಿದೆವು. ತಂದೆ ದಾರಿಯುದ್ದಕ್ಕೂ ಮಾತಾಡಿದರು.

ಮಹನೀಯರೆ, ಊರು ಬಿಟ್ಟು ಬಂದವರು ನಾವು. ಆದರೆ ಊರಿನ ನೀರು ಹೊರಡುವ ಜಾಗ ನಮ್ಮ ಬಾಗಿಲ ಬಳಿಯೇ ಇದೆ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಒಮ್ಮೆ ನಡೆದು ಹೋಗಿ ಬನ್ನಿ. ಒಯ್ದ ಪ್ಲಾಸ್ಟಿಕ್ಕನ್ನು ಮಾತ್ರ ಮರಳಿ ತನ್ನಿ. ಅಲ್ಲಿ ಬಿಟ್ಟದ್ದು ನಮ್ಮ ಊರಿಗೇ ಹರಿದು ಹೋದೀತು.